ಹೊಸ ಡಿಸ್ಕಿನ ಮೇಲೆ ಹೊರಿಸಿದ ತಪ್ಪು

ಮುದ್ದೇಬಿಹಾಳದಂಥ ತಾಲ್ಲೂಕು ಊರುಗಳಲ್ಲಿ ಕಂಪ್ಯೂಟರ್ ಮನೆಯ ವಸ್ತುವಾಗುವ ಮೊದಲೇ ಕಚೇರಿಯ ಮತ್ತು ಅಂಗಡಿಯ ವಸ್ತುವಾಗಿತ್ತು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಪಹಣಿ ಮುದ್ರಣವಾಗಿ ಕೈಗೆ ಬರತೊಡಗಿತು. ಈಗ ಬೆಳೆವಿಮೆ, ಜಾತಿ-ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ ಎಲ್ಲಕ್ಕೂ ಅರ್ಜಿ ಆನ್‌ಲೈನಿನಲ್ಲೇ. ತಾಳಿಕೋಟೆಯಾಗಲಿ ನಾಲತವಾಡವಾಗಲಿ, ಒಂದು ಝೆರಾಕ್ಸ್ ಅಂಗಡಿಯ ಕಂಪ್ಯೂಟರ್ ಮಲಗಿತೆಂದರೆ ಹತ್ತಾರು ಜನರ ಕೆಲಸ ನಿಂತಿತೆಂದೇ ಲೆಕ್ಕ. ಹೀಗೆ ಮಲಗುವ ಯಂತ್ರಗಳಲ್ಲಿ ಹೆಚ್ಚಾಗಿ ಕೈಕೊಡುವುದು ಹಾರ್ಡ್ ಡಿಸ್ಕ್. ಹೊಸದನ್ನು ತಂದು ಕೂರಿಸುತ್ತಾರೆ, ಪೆನ್‌ಡ್ರೈವ್ ಚುಚ್ಚಿ ವಿಂಡೋಸ್ ಹಾಕಲು ಹೊರಡುತ್ತಾರೆ, ಅದು ಒಪ್ಪುವುದಿಲ್ಲ. ‘ಡಿಸ್ಕ್ ಕಾಣುತ್ತಿಲ್ಲ’ ಎನ್ನುತ್ತದೆ, ಇಲ್ಲವೇ ‘ಈ ಡಿಸ್ಕಿಗೆ ಅಳವಡಿಸಲಾಗದು’ ಎನ್ನುತ್ತದೆ, ಅಥವಾ ಎಲ್ಲ ಮುಗಿದಂತೆ ಕಂಡು ಮತ್ತೆ ಮೊದಲಿಗೇ ಬಂದು ನಿಲ್ಲುತ್ತದೆ. ಅಲ್ಲಿಗೆ ತೀರ್ಪು ಹೊರಬೀಳುತ್ತದೆ: ಡಿಸ್ಕೇ ಸರಿಯಿಲ್ಲ, ವಾಪಸ್ ಕೊಡಿ.

ಈ ತೀರ್ಪಿನ ಹಿಂದಿರುವ ತರ್ಕವನ್ನು ತಳ್ಳಿಹಾಕುವಂತಿಲ್ಲ. ಯಂತ್ರ ಕೆಟ್ಟಾಗ ಕೊನೆಗೆ ಏನು ಬದಲಾಯಿತು ಎಂದು ಕೇಳುವುದು ರಿಪೇರಿಯ ಮೊದಲ ಪಾಠ. ಪಂಪ್‌ಸೆಟ್ಟಿಗಾಗಲಿ ಟ್ರ್ಯಾಕ್ಟರಿಗಾಗಲಿ ಅದು ಸಾಮಾನ್ಯವಾಗಿ ಸರಿಯಾದ ದಾರಿಯನ್ನೇ ತೋರಿಸುತ್ತದೆ. ಕಂಪ್ಯೂಟರಿನ ಡಿಸ್ಕ್ ಬದಲಿಸುವಾಗ ಮಾತ್ರ ಅದು ದಾರಿ ತಪ್ಪಿಸುತ್ತದೆ, ಏಕೆಂದರೆ ಬದಲಾದದ್ದು ಒಂದೇ ವಸ್ತುವೆಂದು ನಾವು ನಂಬಿರುತ್ತೇವೆ. ಹಳೆಯ ಡಿಸ್ಕಿನಲ್ಲಿ ಕಡತಗಳಷ್ಟೇ ಇರಲಿಲ್ಲ. ಯಂತ್ರವನ್ನು ಮೊದಲು ಎಬ್ಬಿಸುವ ಬಯೋಸ್ ಎಂಬ ತಂತ್ರಾಂಶ ಡಿಸ್ಕನ್ನು ಓದುವ ರೀತಿಗೆ ಹೇಗೆ ಹೊಂದಿಕೊಳ್ಳಬೇಕು, ಮೊದಲು ಯಾವ ಭಾಗವನ್ನು ತೆರೆಯಬೇಕು, ಯಾವ ಚಾಲಕ ತಂತ್ರಾಂಶ ಬೇಕು ಎಂಬ ಒಡಂಬಡಿಕೆಯೂ ಅದರಲ್ಲೇ ಇತ್ತು. ಎಂಟೋ ಹತ್ತೋ ವರ್ಷದ ಹಿಂದೆ ಯಾರೋ ಮಾಡಿಟ್ಟ ಹೊಂದಾಣಿಕೆ ಅದು, ಚೆನ್ನಾಗಿ ನಡೆಯುತ್ತಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಡಿಸ್ಕ್ ಹೋದಾಗ ಅದೂ ಹೋಯಿತು. ಹೊಸ ಡಿಸ್ಕ್ ಹಾಕಿದ ದಿನ ನಾವು ಎದುರಿಸುವ ತಕರಾರುಗಳಲ್ಲಿ ಬಹುಪಾಲು ಆ ಕಳೆದುಹೋದ ಒಡಂಬಡಿಕೆಯವು ಎಂಬುದೇ ಈ ಅಧ್ಯಾಯದ ವಾದ.

ಮೊದಲು ಸಂಭವನೀಯತೆಯನ್ನು ನೋಡೋಣ. ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ದತ್ತಾಂಶ ಸಂಗ್ರಹ ಸಂಸ್ಥೆ ತಾನು ಬಳಸುವ ಲಕ್ಷಾಂತರ ಡಿಸ್ಕುಗಳ ಲೆಕ್ಕವನ್ನು ಬಹಿರಂಗಪಡಿಸುತ್ತ ಬಂದಿದೆ. ಅದರ ಪ್ರಕಾರ 2023ರಲ್ಲಿ ಇಡೀ ವರ್ಷಕ್ಕೆ ಕೆಟ್ಟವು ಶೇ 1.4ರಷ್ಟು. ಅವು ಹವಾನಿಯಂತ್ರಿತ ಕೋಣೆಯ ಡಿಸ್ಕುಗಳು, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ, ಎರೆಮಣ್ಣಿನ ಧೂಳು ತುಂಬಿದ ವಿಜಯಪುರ ಜಿಲ್ಲೆಯ ಅಂಗಡಿಯಲ್ಲಿ ಆ ಲೆಕ್ಕ ನಡೆಯದು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಆದರೆ ಧೂಳು, ಬಿಸಿ ಕೆಲಸ ಮಾಡುವುದು ತಿಂಗಳು ವರ್ಷಗಳ ಅವಧಿಯಲ್ಲಿ. ವಿಂಡೋಸ್ ಹಾಕುವಾಗ ಡಿಸ್ಕಿಗೆ ವಯಸ್ಸಾಗಿರುವುದು ಅರ್ಧ ತಾಸು. 2007ರಲ್ಲಿ ಗೂಗಲ್‌ನ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಂತೂ ಬಿಸಿಗೂ ಡಿಸ್ಕ್ ಕೆಡುವುದಕ್ಕೂ ಜನ ಭಾವಿಸಿದ್ದಷ್ಟು ನಂಟು ಕಾಣಲಿಲ್ಲ, ಅತಿ ಹೆಚ್ಚಿನ ಬಿಸಿಯಲ್ಲಿ ಮಾತ್ರ ತುಸು ಏರಿಕೆ ಕಂಡಿತು. ಹೊಸ ಡಿಸ್ಕ್ ಡಬ್ಬಿಯಲ್ಲೇ ಸತ್ತು ಬರುವುದು ಉಂಟು. ಆದರೆ ಅದು ಕೊನೆಯಲ್ಲಿ ಪಡಬೇಕಾದ ಅನುಮಾನ.

ಡಿಸ್ಕ್ ಬದಲಿಸುವ ಕೆಲಸವೇ ಬೇರೊಂದು ಬದಲಾವಣೆಯನ್ನು ಗುಟ್ಟಾಗಿ ಮಾಡಿಬಿಡುತ್ತದೆ. ಕಂಪ್ಯೂಟರಿನ ಮದರ್‌ಬೋರ್ಡ್ ಮೇಲೆ ನಾಣ್ಯದ ಗಾತ್ರದ 3 ವೋಲ್ಟಿನ ಒಂದು ಬ್ಯಾಟರಿ ಇರುತ್ತದೆ. ಅದರ ಹೆಸರು ಸಿಆರ್ 2032, ಗಡಿಯಾರ ರಿಪೇರಿಯವರ ಬಳಿಯೂ ಸಿಗುತ್ತದೆ. ಕರೆಂಟ್ ಇಲ್ಲದಾಗ ದಿನಾಂಕ ನಡೆಯುವುದು ಅದರಿಂದ. ಹಳೆಯ ಬೋರ್ಡುಗಳಲ್ಲಿ ಬಯೋಸಿನ ಆಯ್ಕೆಗಳು ಉಳಿಯುವುದೂ ಅದರಿಂದಲೇ. ವರ್ಷಗಟ್ಟಲೆ ಹಳೆಯದಾದ ಯಂತ್ರದಲ್ಲಿ ಈ ಬ್ಯಾಟರಿ ಸತ್ತೇ ಇರಬಹುದು. ಆದರೂ ಯಂತ್ರದ ವಯರ್ ಪ್ಲಗ್ಗಿನಲ್ಲೇ ಇದ್ದು ಸ್ವಲ್ಪ ವಿದ್ಯುತ್ ಹರಿಯುತ್ತಿದ್ದ ಕಾರಣ ಅದರ ಸಾವು ಗೊತ್ತಾಗಿರುವುದಿಲ್ಲ. ಡಿಸ್ಕ್ ಬದಲಿಸಲು ವಯರ್ ಕೀಳುತ್ತೀರಿ. ಆ ಹೊತ್ತಿಗೆ ಬಯೋಸ್ ತನ್ನ ಆಯ್ಕೆಗಳನ್ನೆಲ್ಲ ಮರೆತು ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ. ಡಿಸ್ಕನ್ನು ಓದುವ ರೀತಿ ಬದಲಾಗುತ್ತದೆ, ಮೊದಲು ಯಾವುದರಿಂದ ಆರಂಭಿಸಬೇಕೆಂಬ ಸರದಿ ಬದಲಾಗುತ್ತದೆ, ದಿನಾಂಕ ಹಲವು ವರ್ಷ ಹಿಂದೆ ಹೋಗುತ್ತದೆ. ಕೊನೆಯದರ ಪರಿಣಾಮ ವಿಚಿತ್ರ: ವಿಂಡೋಸ್ ಹೇಗೋ ಕೂತರೂ ಸರ್ಕಾರಿ ಜಾಲತಾಣಗಳು ‘ಸುರಕ್ಷಿತವಲ್ಲ’ ಎಂದು ತೆರೆಯಲು ನಿರಾಕರಿಸುತ್ತವೆ, ಏಕೆಂದರೆ ತಾಣದ ಭದ್ರತಾ ಪ್ರಮಾಣಪತ್ರ ಆ ಹಳೆಯ ದಿನಾಂಕದಲ್ಲಿ ಇನ್ನೂ ಹುಟ್ಟಿಯೇ ಇರುವುದಿಲ್ಲ. ಆಗಲೂ ಬೈಗುಳ ತಿನ್ನುವುದು ಹೊಸ ಡಿಸ್ಕೇ. ಆದ್ದರಿಂದ ಬಯೋಸ್ ತೆರೆದು ಮೊದಲು ನೋಡಬೇಕಾದದ್ದು ಇವತ್ತಿನ ತಾರೀಕು. ಅದು ತಪ್ಪಿದ್ದರೆ ಬ್ಯಾಟರಿ ಬದಲಿಸದೆ ಮುಂದಿನ ಯಾವ ಪರೀಕ್ಷೆಯನ್ನೂ ನಂಬುವಂತಿಲ್ಲ.

ಇನ್ನು ಅತಿ ಹೆಚ್ಚು ಜನ ಮುಗ್ಗರಿಸುವ ಜಾಗಕ್ಕೆ ಬರೋಣ. ಡಿಸ್ಕ್ ಒಂದು ಹೊಲವೆಂದುಕೊಂಡರೆ ಅದರ ಪಾರ್ಟಿಶನ್ ಪಟ್ಟಿಯೇ ಪಹಣಿ. ಯಾವ ತುಂಡು ಎಲ್ಲಿಂದ ಎಲ್ಲಿಯವರೆಗೆ, ಅದು ಯಾರದು ಎಂಬುದನ್ನು ಅದು ಹೇಳುತ್ತದೆ, ಮಣ್ಣಿನಲ್ಲಿ ಏನು ಬಿತ್ತಿದೆ ಎಂಬುದನ್ನಲ್ಲ. ಈ ಪಹಣಿ ಬರೆಯುವ ಎರಡು ಪದ್ಧತಿಗಳಿವೆ. ಹಳೆಯದಾದ ಎಂಬಿಆರ್ 1983ರಷ್ಟು ಹಿಂದಿನದು. ಅದು ನಾಲ್ಕೇ ಮುಖ್ಯ ತುಂಡುಗಳನ್ನು ಒಪ್ಪುತ್ತದೆ, ಸುಮಾರು 2 ಟೆರಾಬೈಟಿನ ಆಚೆಗಿನ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾರದು, ಇಡೀ ಡಿಸ್ಕಿಗೆ ಒಂದೇ ಪ್ರತಿ ಇಡುತ್ತದೆ. ಹೊಸದಾದ ಜಿಪಿಟಿಯಲ್ಲಿ ವಿಂಡೋಸ್ 128 ತುಂಡುಗಳವರೆಗೆ ಮಾಡಬಲ್ಲದು, ಪಟ್ಟಿಯ ಎರಡನೇ ಪ್ರತಿಯೂ ಡಿಸ್ಕಿನ ಕೊನೆಯಲ್ಲಿರುತ್ತದೆ. ಯಂತ್ರ ಆರಂಭವಾಗುವ ರೀತಿಯಲ್ಲೂ ಎರಡಿವೆ. ಒಂದು ಹಳೆಯ ಬಯೋಸ್ ರೀತಿ, ಅದನ್ನು ಈಗ ಲೆಗಸಿ ಎನ್ನುತ್ತಾರೆ. ಇನ್ನೊಂದು ಯುಇಎಫ್‌ಐ, 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಸಾಮಾನ್ಯ ಲ್ಯಾಪ್‌ಟಾಪುಗಳಿಗೂ ಹರಡಿದ್ದು. ವಿಂಡೋಸ್ ಅಳವಡಿಸುವ ತಂತ್ರಾಂಶದ ನಿಯಮ ಬಿಗಿ: ಲೆಗಸಿಯಲ್ಲಿ ಆರಂಭವಾದರೆ ಎಂಬಿಆರ್ ಡಿಸ್ಕೇ ಬೇಕು, ಯುಇಎಫ್‌ಐಯಲ್ಲಿ ಆರಂಭವಾದರೆ ಜಿಪಿಟಿಯೇ ಬೇಕು. ಎರಡು ಬೆರೆತರೆ ಅದು ಕೈಯೆತ್ತುತ್ತದೆ.

ಹೊಸ ಡಿಸ್ಕ್ ನಿರಪರಾಧಿ ಎಂಬುದಕ್ಕೆ ನನಗೆ ಅತ್ಯಂತ ಬಲವಾಗಿ ಕಾಣುವ ಸಾಕ್ಷಿ ಇಲ್ಲೇ ಇದೆ. ಆರಂಭದ ಪಟ್ಟಿ ತೆರೆದರೆ ಅನೇಕ ಯಂತ್ರಗಳಲ್ಲಿ ಒಂದೇ ಪೆನ್‌ಡ್ರೈವ್ ಎರಡು ಬಾರಿ ಕಾಣಿಸುತ್ತದೆ: ಒಮ್ಮೆ ಬರೀ ಹೆಸರಿನಿಂದ, ಇನ್ನೊಮ್ಮೆ ಅದೇ ಹೆಸರಿನ ಹಿಂದೆ ಯುಇಎಫ್‌ಐ ಎಂಬ ಗುರುತಿನೊಂದಿಗೆ. ಮೊದಲನೆಯದನ್ನು ಒತ್ತಿದರೆ ‘ಈ ಡಿಸ್ಕ್ ಜಿಪಿಟಿ ಶೈಲಿಯದು, ವಿಂಡೋಸ್ ಹಾಕಲಾಗದು’ ಎಂಬ ಉತ್ತರ. ಯಂತ್ರ ಬಂದ್ ಮಾಡಿ, ಮತ್ತೆ ಹಚ್ಚಿ ಎರಡನೆಯದನ್ನು ಒತ್ತಿದರೆ ಅದೇ ಡಿಸ್ಕಿನಲ್ಲಿ ವಿಂಡೋಸ್ ಸಲೀಸಾಗಿ ಕೂರುತ್ತದೆ. ಡಿಸ್ಕ್ ಅದೇ, ಪೆನ್‌ಡ್ರೈವ್ ಅದೇ, ಕೇಬಲ್ಲೂ ಅದೇ. ಬದಲಾದದ್ದು ನೀವು ಒತ್ತಿದ ಸಾಲು. ಡಿಸ್ಕಿನಲ್ಲಿ ದೋಷವಿದ್ದರೆ ಎರಡೂ ಬಾರಿ ಅದು ಕೈಕೊಡಬೇಕಿತ್ತು. ಕಡತಗಳಿಲ್ಲದ ಹೊಸ ಡಿಸ್ಕಾದರೆ ಇನ್ನೂ ಸುಲಭ: ಅಳವಡಿಕೆಯ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ, ಡಿಸ್ಕ್‌ಪಾರ್ಟ್ ತೆರೆದು, ಲಿಸ್ಟ್ ಡಿಸ್ಕ್ ಆಜ್ಞೆಯಿಂದ ಗಾತ್ರ ನೋಡಿ ಸರಿಯಾದ ಡಿಸ್ಕನ್ನು ಆರಿಸಿಕೊಂಡು, ಕ್ಲೀನ್ ಎಂಬ ಆಜ್ಞೆ ಕೊಟ್ಟರೆ ಪಹಣಿ ಖಾಲಿಯಾಗುತ್ತದೆ. ಆಮೇಲೆ ಅಳವಡಿಕೆಯ ತಂತ್ರಾಂಶ ತನಗೆ ಬೇಕಾದ ಪದ್ಧತಿಯಲ್ಲಿ ತಾನೇ ಬರೆದುಕೊಳ್ಳುತ್ತದೆ. ಕ್ಲೀನ್ ಆಜ್ಞೆ ಮರುಪ್ರಶ್ನೆ ಕೇಳುವುದಿಲ್ಲ. ಬೇರೆ ಡಿಸ್ಕ್ ಜೋಡಿಸಿಟ್ಟುಕೊಂಡು ಆ ಆಜ್ಞೆ ಕೊಡುವವರ ಧೈರ್ಯವನ್ನು ಮೆಚ್ಚಲಾರೆ.

‘ಡಿಸ್ಕ್ ಕಾಣುತ್ತಲೇ ಇಲ್ಲ’ ಎಂಬ ದೂರಿಗೆ ಒಂದು ಇತಿಹಾಸವೇ ಇದೆ. 2001ರ ವಿಂಡೋಸ್ ಎಕ್ಸ್‌ಪಿ ಸಿಡಿಯಲ್ಲಿ ಸಾಟಾ ಡಿಸ್ಕುಗಳನ್ನು ಎಎಚ್‌ಸಿಐ ಎಂಬ ರೀತಿಯಲ್ಲಿ ಓದುವ ಚಾಲಕ ಇರಲಿಲ್ಲ, ಏಕೆಂದರೆ ಆ ರೀತಿ ಬಳಕೆಗೆ ಬಂದದ್ದೇ ಅನಂತರ. ಎಫ್6 ಒತ್ತಿ ಫ್ಲಾಪಿಯಿಂದ ಚಾಲಕ ಉಣಿಸಬೇಕಿತ್ತು, ಇಲ್ಲವೇ ಬಯೋಸಿನಲ್ಲಿ ಹಳೆಯ ಐಡಿಇ ರೀತಿಗೆ ಇಳಿಸಬೇಕಿತ್ತು. 2009ರ ವಿಂಡೋಸ್ 7ರಲ್ಲಿ ಯುಎಸ್‌ಬಿ 3.0 ಚಾಲಕ ಇರಲಿಲ್ಲ, 2011ರಲ್ಲಿ ರೂಪುಗೊಂಡ ಎನ್‌ವಿಎಂಇ ಡಿಸ್ಕುಗಳದ್ದೂ ಇರಲಿಲ್ಲ. ಯುಎಸ್‌ಬಿ 3.0ರ ನೀಲಿ ಕಿಂಡಿಗೆ ಪೆನ್‌ಡ್ರೈವ್ ಚುಚ್ಚಿದರೆ ಅಳವಡಿಕೆಯ ತಂತ್ರಾಂಶ ತಾನು ಎಲ್ಲಿಂದ ಬಂದೆನೆಂಬುದನ್ನೇ ಮರೆತು ಚಾಲಕ ಕೇಳುತ್ತಿತ್ತು. 2020ರಿಂದೀಚಿನ ಇಂಟೆಲ್ 11ನೇ ಪೀಳಿಗೆಯ ಅನೇಕ ಲ್ಯಾಪ್‌ಟಾಪುಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಡಿಸ್ಕಿನ ಮುಂದೆ ನಿಂತಿರುತ್ತದೆ. ಅದರ ಚಾಲಕವಿಲ್ಲದ ವಿಂಡೋಸ್ ಪೆನ್‌ಡ್ರೈವಿಗೆ ಡಿಸ್ಕುಗಳ ಪಟ್ಟಿ ಖಾಲಿಯಾಗಿ ಕಾಣುತ್ತದೆ. ಮೂರು ಕಾಲದ ಮೂರು ಘಟನೆಗಳಲ್ಲೂ ನಡೆದದ್ದು ಒಂದೇ: ಅಳವಡಿಸುವ ತಂತ್ರಾಂಶಕ್ಕಿಂತ ಯಂತ್ರದ ವ್ಯವಸ್ಥೆ ಚಿಕ್ಕ ವಯಸ್ಸಿನದು. ಹಳೆಯ ಡಿಸ್ಕಿನಲ್ಲಿ ಕಾರ್ಖಾನೆಯವರೇ ಆ ಚಾಲಕ ಹಾಕಿಟ್ಟಿದ್ದರು, ಆದ್ದರಿಂದ ನಮಗೆ ಅದರ ಹೆಸರೂ ಕೇಳಿ ಗೊತ್ತಿರಲಿಲ್ಲ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಆ ಚಾಲಕ ಇಳಿಸಿಕೊಂಡು, ಬಿಚ್ಚಿ, ಪೆನ್‌ಡ್ರೈವಿಗೆ ಹಾಕಿ ‘ಲೋಡ್ ಡ್ರೈವರ್’ ಒತ್ತಿದರೆ ಕಾಣದ ಡಿಸ್ಕ್ ಕಾಣುತ್ತದೆ.

ಹಾಗಾದರೆ ಡಿಸ್ಕ್ ಎಂದೂ ತಪ್ಪು ಮಾಡುವುದಿಲ್ಲವೇ? ಮಾಡುತ್ತದೆ, ಅದನ್ನು ಬೇರ್ಪಡಿಸಿ ತಿಳಿಯುವ ದಾರಿಯೂ ಇದೆ. ಬಯೋಸಿನ ಪರದೆಯಲ್ಲಿ ಡಿಸ್ಕಿನ ಹೆಸರು, ಗಾತ್ರ ಕಾಣುತ್ತಿದೆಯೇ ಎಂಬುದೇ ಗೆರೆ. ಕಾಣುತ್ತಿದ್ದರೆ ವಿದ್ಯುತ್ ತಲುಪಿದೆ, ಡಿಸ್ಕ್ ಮಾತಾಡುತ್ತಿದೆ, ತಕರಾರು ಬಹುತೇಕ ಮೇಲೆ ಹೇಳಿದ ಒಡಂಬಡಿಕೆಯದು. ಕಾಣದಿದ್ದರೆ ಯಾವ ವಿಂಡೋಸ್ ಹಾಕಿದರೂ ಪ್ರಯೋಜನವಿಲ್ಲ, ಕೈ ಹೋಗಬೇಕಾದದ್ದು ಕೇಬಲ್ಲಿಗೆ. ಸಾಟಾ ಕೇಬಲ್ ತೆಳುವಾದದ್ದು, ಮಡಚಿದರೆ ಒಳಗೇ ಮುರಿಯುತ್ತದೆ. ಡಿಸ್ಕು ತನ್ನ ಆರೋಗ್ಯವನ್ನು ತಾನೇ ಬರೆದುಕೊಳ್ಳುವ ಸ್ಮಾರ್ಟ್ ಪಟ್ಟಿಯಲ್ಲಿ ಸಿ7 ಎಂಬ ಎಣಿಕೆ ಏರುತ್ತ ಹೋದರೆ ಮೊದಲು ಶಂಕಿಸಬೇಕಾದದ್ದು ಈ ಕೇಬಲನ್ನೇ. ಎಂ.2 ಎಸ್‌ಎಸ್‌ಡಿಗಳಲ್ಲಿ ಇನ್ನೊಂದು ಬಲೆ: ನೋಡಲು ಹೆಚ್ಚುಕಡಿಮೆ ಒಂದೇ ಥರವಿದ್ದರೂ ಕೆಲವು ಸಾಟಾ ಭಾಷೆ ಆಡುತ್ತವೆ, ಕೆಲವು ಎನ್‌ವಿಎಂಇ ಭಾಷೆ. ಬೋರ್ಡಿನ ಕಿಂಡಿ ಒಂದನ್ನೇ ಬಲ್ಲದಾದರೆ ಇನ್ನೊಂದು ಅಲ್ಲಿ ಮೂಕ. ಅದೂ ಡಿಸ್ಕಿನ ದೋಷವಲ್ಲ, ಖರೀದಿಯ ದೋಷ. ಇನ್ನು ಬಳಸಿದ ಡಿಸ್ಕನ್ನು ಹೊಸದೆಂದು ಮಾರಿದ್ದರೆ ಅದೇ ಸ್ಮಾರ್ಟ್ ಪಟ್ಟಿಯ ‘ಚಾಲನೆಯ ತಾಸುಗಳು’ ಎಂಬ ಸಾಲು ಗುಟ್ಟು ಬಿಟ್ಟುಕೊಡುವುದುಂಟು. ಹೊಸದರಲ್ಲಿ ಅದು ಸೊನ್ನೆಗೆ ಹತ್ತಿರ ಇರಬೇಕು. ಆದರೆ ಸ್ಮಾರ್ಟ್ ‘ಚೆನ್ನಾಗಿದೆ’ ಎಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಮೇಲೆ ಹೇಳಿದ ಗೂಗಲ್ ಅಧ್ಯಯನದಲ್ಲಿ ಕೆಟ್ಟ ಡಿಸ್ಕುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟಿನ ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ತೋರಿಸದೆ ಹೋಗಿದ್ದವು.

ಅಳವಡಿಕೆ ಅರ್ಧಕ್ಕೆ ನಿಂತು ‘ಕಡತ ಓದಲಾಗುತ್ತಿಲ್ಲ’ ಎಂದಾಗ ಏನು ಹೇಳಬೇಕು? 80070570 ಎಂದು ಮುಗಿಯುವ ದೋಷಸಂಖ್ಯೆ ಕಂಡವರಿಗೆ ಇದು ಪರಿಚಿತ. ಇಲ್ಲಿ ಡಿಸ್ಕಿಗಿಂತ ಮೊದಲು ಪೆನ್‌ಡ್ರೈವನ್ನು, ಅದರ ನಂತರ ರ‍್ಯಾಮನ್ನು ಶಂಕಿಸಬೇಕು. ಇಳಿಸಿಕೊಂಡ ಕಡತ ಅರ್ಧವಾಗಿದ್ದರೆ, ಪೆನ್‌ಡ್ರೈವ್ ಹಳಸಿದ್ದರೆ, ರ‍್ಯಾಮಿನ ಚಿನ್ನದ ಅಂಚಿಗೆ ಧೂಳು ಕೂತಿದ್ದರೆ ಹೀಗಾಗುತ್ತದೆ. ಪೆನ್‌ಡ್ರೈವಿನದೇ ಇನ್ನೊಂದು ತೊಡಕೂ ಇದೆ. ಯುಇಎಫ್‌ಐ ಎಲ್ಲ ಯಂತ್ರಗಳಲ್ಲೂ ಖಚಿತವಾಗಿ ಓದುವುದು ಫ್ಯಾಟ್32 ರೀತಿಯನ್ನು. ಆ ರೀತಿಯಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಕಡತ ಹಿಡಿಸುವುದಿಲ್ಲ. ಈಚಿನ ವಿಂಡೋಸಿನ ಮುಖ್ಯ ಕಡತವೋ ಆ ಗಾತ್ರ ದಾಟಿದೆ. ಸುಮ್ಮನೆ ನಕಲು ಮಾಡಿ ಅಂಟಿಸಿದರೆ ಸಾಲದು. ಮೈಕ್ರೋಸಾಫ್ಟಿನದೇ ಸಾಧನವನ್ನೋ ರೂಫಸ್‌ನಂಥ ತಂತ್ರಾಂಶವನ್ನೋ ಬಳಸಬೇಕು. ಕರೆಂಟಿನ ಮಾತು ಹೇಳದೆ ಬಿಡುವಂತಿಲ್ಲ. ಪಕ್ಕದಲ್ಲೇ 290 ಮೆಗಾವಾಟಿನ ಆಲಮಟ್ಟಿ ಜಲವಿದ್ಯುತ್ ಕೇಂದ್ರ, ಬಸವನ ಬಾಗೇವಾಡಿಯ ಕಡೆ 2,400 ಮೆಗಾವಾಟಿನ ಕೂಡಗಿ ಉಷ್ಣ ವಿದ್ಯುತ್ ಸ್ಥಾವರ ಇದ್ದರೂ ಯುಪಿಎಸ್ ಇಲ್ಲದ ಯಂತ್ರಕ್ಕೆ ವಿಂಡೋಸ್ ಹಾಕಲು ಕೂರಬೇಡಿ.

ರಿಪೇರಿ ಬಲ್ಲವರ ಆಕ್ಷೇಪ ಇನ್ನೊಂದು ಥರದ್ದು. ಇಷ್ಟೆಲ್ಲ ಯೋಚಿಸುತ್ತ ಕೂತರೆ ಗಿರಾಕಿ ಎದ್ದು ಹೋಗುತ್ತಾನೆ. ನಮ್ಮ ಜೇಬಿನ ಪೆನ್‌ಡ್ರೈವಿನಲ್ಲಿ ಎಲ್ಲ ವಿಂಡೋಸ್‌ಗಳೂ ಇವೆ, ಒಂದಲ್ಲ ಒಂದು ಕೂರುತ್ತದೆ, ಕೂರದಿದ್ದರೆ ಬಯೋಸಿನಲ್ಲಿ ಎಲ್ಲವನ್ನೂ ಬದಲಿಸಿ ನೋಡುತ್ತೇವೆ ಎನ್ನುತ್ತಾರೆ. ಅನುಭವಿಗಳ ಕೈಯಲ್ಲಿ ಇದು ನಡೆಯುತ್ತದೆ ಎಂಬುದನ್ನು ಒಪ್ಪಬೇಕು. ಅವರು ಹತ್ತು ನಿಮಿಷದಲ್ಲಿ ಮುಗಿಸುವುದು ಅವರ ಕೈಗೆ ಈ ಕ್ರಮ ಆಗಲೇ ಇಳಿದಿರುವುದರಿಂದ. ಆದರೆ ನಾಲ್ಕು ಆಯ್ಕೆಗಳನ್ನು ಒಟ್ಟಿಗೆ ಬದಲಿಸಿದಾಗ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಮುಂದಿನ ಯಂತ್ರಕ್ಕೆ ಆ ಅನುಭವ ದಾಟುವುದೂ ಇಲ್ಲ. ಹಾಗೆ ಗಡಿಬಿಡಿಯಲ್ಲಿ ಲೆಗಸಿಗೆ ಇಳಿಸಿ ಕೂರಿಸಿದ ವಿಂಡೋಸ್ ಮುಂದಿನ ಡಿಸ್ಕ್ ಬದಲಾವಣೆಗೆ ಇನ್ನೊಂದು ಗುಟ್ಟಿನ ಒಡಂಬಡಿಕೆಯನ್ನು ಹೂತಿಟ್ಟಂತೆ. ಇನ್ನು ಪರವಾನಗಿಯ ಬೀಗ ಮುರಿದ ವಿಂಡೋಸಿನ ಅಗತ್ಯ ಬಹಳ ಸಲ ಇರುವುದೇ ಇಲ್ಲ. ವಿಂಡೋಸ್ 8 ಅಥವಾ ಅನಂತರದ್ದರೊಂದಿಗೆ ಬಂದ ಲ್ಯಾಪ್‌ಟಾಪಿನ ಪರವಾನಗಿ ಕೀಲಿ ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲೇ ಇರುತ್ತದೆ, ಡಿಸ್ಕಿನಲ್ಲಲ್ಲ. ಅದೇ ಆವೃತ್ತಿಯ, ಅಂದರೆ ಹೋಮ್ ಇದ್ದದ್ದಕ್ಕೆ ಹೋಮನ್ನೇ ಹಾಕಿದರೆ ಇಂಟರ್‌ನೆಟ್ ಸಿಕ್ಕ ಕೂಡಲೇ ಅದು ತಾನೇ ಸಕ್ರಿಯವಾಗುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದದ್ದು ಈ ಗೊಂದಲಕ್ಕೆ ಹೊಸ ಪದರ ಸೇರಿಸಿದೆ. ಹೇಗೂ ಡಿಸ್ಕ್ ಹೊಸದು, ವಿಂಡೋಸ್ 11 ಹಾಕಿಬಿಡೋಣ ಎಂದು ಹೊರಟವರಿಗೆ ‘ಈ ಯಂತ್ರ ನಡೆಸಲಾರದು’ ಎಂಬ ಉತ್ತರ ಸಿಗುತ್ತದೆ. ಅದು ಕೇಳುವುದು ಟಿಪಿಎಂ 2.0 ಭದ್ರತಾ ಚಿಪ್ಪು, ಯುಇಎಫ್‌ಐ, ಅಂಗೀಕೃತ ಪ್ರೊಸೆಸರ್. ಇವುಗಳಲ್ಲಿ ಒಂದೂ ಡಿಸ್ಕಿಗೆ ಸೇರಿದ್ದಲ್ಲ. ಮೊದಲು ಹಿಂದೆ ನಡೆಯುತ್ತಿದ್ದುದನ್ನೇ ಹಾಕಿ ಯಂತ್ರ ಸರಿಯಿದೆಯೆಂದು ಖಚಿತಪಡಿಸಿಕೊಂಡು, ಮೇಲೇರುವ ಮಾತು ಆಮೇಲೆ ಆಡುವುದು ಲೇಸು. ಯಂತ್ರ ತೀರ ಹಳೆಯದಾದರೆ ಲಿನಕ್ಸ್ ಒಳ್ಳೆಯ ಆಸರೆ, ನುಡಿ ಎಂಬ ಕನ್ನಡ ತಂತ್ರಾಂಶ ಬಳಸಿದವರ ಕೈಗೆ ರೂಢಿಯಾದ ಕೀಲಿಮಣೆ ವಿನ್ಯಾಸ ಅಲ್ಲೂ ಸಿಗುತ್ತದೆ. ಆದರೆ ಬೆರಳಗುರುತು ಓದುವ ಸಾಧನ ಇಟ್ಟುಕೊಂಡು ಆಧಾರ್ ಸಂಬಂಧಿ ಕೆಲಸ ಮಾಡುವ ಅಂಗಡಿ ಆ ಸಾಧನಕ್ಕೆ ಲಿನಕ್ಸ್ ಚಾಲಕ ಇದೆಯೇ ಎಂದು ನೋಡದೆ ಆ ಕಡೆ ಹೊರಳಬಾರದು.

ಹಳೆಯ ಡಿಸ್ಕ್ ಪೂರ್ತಿ ಸತ್ತಿರದಿದ್ದರೆ ಅದನ್ನೂ ಪಕ್ಕದಲ್ಲಿ ಜೋಡಿಸಿಟ್ಟುಕೊಂಡೇ ಹೊಸದಕ್ಕೆ ವಿಂಡೋಸ್ ಹಾಕುವವರಿದ್ದಾರೆ, ಕಡತ ನಕಲು ಮಾಡಲು ಅನುಕೂಲವೆಂದು. ಒಡಂಬಡಿಕೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಅಳವಡಿಸುವ ತಂತ್ರಾಂಶ ಹಳೆಯ ಡಿಸ್ಕಿನಲ್ಲಿ ಆರಂಭದ ತುಂಡು ಈಗಾಗಲೇ ಇರುವುದನ್ನು ಕಂಡು, ಹೊಸ ವಿಂಡೋಸನ್ನು ಎಬ್ಬಿಸುವ ಕೀಲಿಯನ್ನೂ ಅಲ್ಲೇ ಬರೆದುಬಿಡಬಹುದು. ವಾರ ಕಳೆದು ಹಳೆಯ ಡಿಸ್ಕ್ ಕಳಚಿದಾಗ ಹೊಸ ಡಿಸ್ಕ್ ಏಳುವುದಿಲ್ಲ, ಮತ್ತೆ ಅದೇ ಬೈಗುಳ. ಅಳವಡಿಸುವಾಗ ಯಂತ್ರದಲ್ಲಿ ಹೊಸ ಡಿಸ್ಕ್ ಮತ್ತು ಪೆನ್‌ಡ್ರೈವ್ ಎರಡೇ ಇರಲಿ. ಮೊದಲ ಸಲ ಯಂತ್ರ ತಾನಾಗಿ ಆರಿ ಹತ್ತುವಾಗ ಪೆನ್‌ಡ್ರೈವನ್ನೂ ಕಿತ್ತುಬಿಡಿ, ಇಲ್ಲದಿದ್ದರೆ ಕೆಲವು ಯಂತ್ರಗಳು ಮತ್ತೆ ಅದರಿಂದಲೇ ಆರಂಭಿಸಿ ಮೊದಲ ಪರದೆ ತೋರಿಸುತ್ತವೆ.

ಎಲ್ಲ ಕೂತ ಮೇಲೂ ಕನ್ನಡದ ಅಂಗಡಿಗೆ ಕೊನೆಯ ತಕರಾರೊಂದು ಕಾದಿರುತ್ತದೆ. ಹಳೆಯ ಡಿಸ್ಕಿನಿಂದ ತಂದ ಕರಾರು ಪತ್ರ, ಲಗ್ನಪತ್ರಿಕೆ, ಅರ್ಜಿಯ ನಮೂನೆ ತೆರೆದರೆ ಟೋಪಿ-ಬಾಲ ಹೊತ್ತ ಇಂಗ್ಲಿಷ್ ಅಕ್ಷರಗಳ ಗೋಜಲು. ಡಿಸ್ಕ್ ಕಡತ ತಿಂದಿತು ಎಂದು ಗಾಬರಿಯಾಗುವುದು ಸಹಜ. ಕಡತಕ್ಕೆ ಏನೂ ಆಗಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ, ಹಾಗೆಯೇ ಬರಹ ಮೊದಲಾದವುಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕೂರಿಸಿದ್ದರು. ಕನ್ನಡವಾಗಿ ಕಾಣುತ್ತಿದ್ದುದು ಆ ಫಾಂಟ್ ಯಂತ್ರದಲ್ಲಿ ಇದ್ದುದರಿಂದ. ಫಾಂಟ್ ಹಳೆಯ ಡಿಸ್ಕಿನ ಜೊತೆ ಹೋಯಿತು. 2001ರ ವಿಂಡೋಸ್ ಎಕ್ಸ್‌ಪಿಯಿಂದಲೇ ತುಂಗಾ ಎಂಬ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡ ವಿಂಡೋಸಿನಲ್ಲಿದೆ, ಆದರೆ ಅದರಿಂದ ಈ ಹಳೆಯ ಕಡತಗಳು ಓದಲು ಬರುವುದಿಲ್ಲ. ಮೊದಲು ನುಡಿಯನ್ನು, ಅದೇ ಹಳೆಯ ಫಾಂಟುಗಳ ಸಮೇತ, ಮತ್ತೆ ಹಾಕಬೇಕು. ಕಡತಗಳು ಕನ್ನಡವಾಗಿ ತೆರೆದುಕೊಂಡ ಮೇಲೆ ಮತ್ತೆ ಮತ್ತೆ ಬೇಕಾಗುವ ನಮೂನೆಗಳನ್ನು ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ತಪ್ಪಿವೆಯೇ ಎಂದು ಒಮ್ಮೆ ಓದಿ ತಿದ್ದಿ, ಬೇರೆ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇಡಬೇಕು. ಬಯೋಸಿನ ಈಗಿನ ಆಯ್ಕೆಗಳನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಬದಿಗೆ ಅಂಟಿಸುವ ಕೆಲಸವನ್ನೂ ಅದೇ ದಿನ ಮುಗಿಸಬಹುದು: ಯುಇಎಫ್‌ಐಯೋ ಲೆಗಸಿಯೋ, ಡಿಸ್ಕ್ ಓದುವ ರೀತಿ ಯಾವುದು, ಬ್ಯಾಟರಿ ಬದಲಿಸಿದ ತಾರೀಕು ಎಷ್ಟು.